ಪರದೆಯ ಆಚೆ ಡಾಕ್ಟರು, ಈಚೆ ಯಾರು?

"ಹೇಗಿದ್ದೀರಿ ಅಮ್ಮ?" ಎಂದು ಮೊಬೈಲಿನೊಳಗಿನಿಂದ ಡಾಕ್ಟರು ಕೇಳುತ್ತಾರೆ. "ಪರವಾಗಿಲ್ಲ ಡಾಕ್ಟರೇ, ಶುಗರ್ ಸ್ವಲ್ಪ ಏರಿದೆ, ರಾತ್ರಿ ಸರಿಯಾಗಿ ನಿದ್ದೆ ಇಲ್ಲ" ಎಂದು ಮೊಬೈಲ್ ಹಿಡಿದ ಮಗ ಉತ್ತರಿಸುತ್ತಾನೆ. "ಊಟ ಸೇರುತ್ತದೆಯೇ?" ಎಂಬ ಪ್ರಶ್ನೆಗೆ ಹಿಂದಿನಿಂದ ಸೊಸೆಯ ಉತ್ತರ ಬರುತ್ತದೆ. ನಡುವೆ ಕುಳಿತ ಅಮ್ಮ ಒಮ್ಮೆ ಮಗನತ್ತ, ಒಮ್ಮೆ ಸೊಸೆಯತ್ತ ನೋಡುತ್ತಾರೆ. ಕೊನೆಯಲ್ಲಿ "ಡಾಕ್ಟರಿಗೆ ನಮಸ್ಕಾರ ಹೇಳಮ್ಮ" ಎಂದು ಮಗ ನೆನಪಿಸಿದಾಗ ಕೈಮುಗಿಯುವುದಷ್ಟೇ ಅವರ ಪಾಲಿಗೆ ಬಂದ ಕೆಲಸ. ಸೇವೆ ಹೇಗಿತ್ತು ಎಂದು ಆಮೇಲೆ ಬರುವ ಸಂದೇಶಕ್ಕೆ ಐದು ನಕ್ಷತ್ರ ಒತ್ತುವವನೂ ಮಗನೇ.

ಹಿರಿಯರನ್ನು ವಿಡಿಯೊ ಕರೆಯಲ್ಲಿ ಡಾಕ್ಟರಿಗೆ ತೋರಿಸುವುದೆಂದರೆ ಮೊಬೈಲ್ ಒತ್ತಿಕೊಡುವ ಕೆಲಸ ಎಂದು ಹೆಚ್ಚಿನವರು ತಿಳಿದಿದ್ದಾರೆ. ಒತ್ತಿಕೊಡುವುದನ್ನು ಯಾರು ಬೇಕಾದರೂ ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ಒತ್ತಿಕೊಟ್ಟ ಮೇಲೆ ಬಾಯಿ ಮುಚ್ಚಿಕೊಂಡು ಪಕ್ಕಕ್ಕೆ ಸರಿಯುವುದು ಇದೆಯಲ್ಲ, ಕಷ್ಟ ಅದರಲ್ಲಿದೆ. ನಾನು ಹೇಳಲು ಹೊರಟಿರುವುದು ಹೆಚ್ಚು ಕಡಿಮೆ ಇಷ್ಟೇ. ಆದರೆ ಅಲ್ಲಿಗೆ ಮುಟ್ಟುವ ಮೊದಲು ಚಾರ್ಜರು, ಕಿಟಕಿ, ಮಾತ್ರೆಯ ಚೀಲ ಎಲ್ಲವನ್ನೂ ದಾಟಬೇಕು.

ನಮ್ಮದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಮುಖ್ಯರಸ್ತೆಯಿಂದ ಒಳಗಿರುವ ಊರು. 2020ರ ಲಾಕ್‌ಡೌನ್ ಸಮಯದಲ್ಲಿ ಕಂಪ್ಯೂಟರ್ ಕಟ್ಟಿಕೊಂಡು ಬೆಂಗಳೂರಿನಿಂದ ಬಂದು ಇಲ್ಲಿಯೇ ಉಳಿದುಬಿಟ್ಟವರ ಪೈಕಿ ನಾನೂ ಇದ್ದೇನೆ. ಕಚೇರಿ ಕೆಲಸಕ್ಕೆಂದು ಮನೆಗೆ ಎಳೆಸಿದ ಫೈಬರ್ ಕೇಬಲ್ ನಮ್ಮ ಜಗುಲಿಯನ್ನು ಸುತ್ತಲಿನ ಮನೆಗಳ ಹಿರಿಯರಿಗೆ ಅರ್ಧ ಆಸ್ಪತ್ರೆಯನ್ನಾಗಿ ಮಾಡಿದೆ. ಅವರ ಮಕ್ಕಳಲ್ಲಿ ಹೆಚ್ಚಿನವರು ಬೆಂಗಳೂರಿನಲ್ಲಿದ್ದಾರೆ, ಕೆಲವರು ಇನ್ನೂ ದೂರ. ತೋಟ, ದನ, ಬಿ.ಪಿ. ಮತ್ತು ಶುಗರ್ ಮಾತ್ರ ಊರಿನಲ್ಲಿ ಉಳಿದಿವೆ.

ಇಲ್ಲಿಂದ ದೊಡ್ಡ ಡಾಕ್ಟರನ್ನು ಕಾಣಬೇಕೆಂದರೆ ಎರಡು ದಾರಿ. ಒಂದು ಶಿವಮೊಗ್ಗಕ್ಕೆ, ತೀರ್ಥಹಳ್ಳಿಯಿಂದಲೇ ಸುಮಾರು 60 ಕಿಲೋಮೀಟರು. ಇನ್ನೊಂದು ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ. ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ ಹೊಟ್ಟೆ ತೊಳಸಿ ವಾಂತಿ ಮಾಡಿಕೊಂಡ ಎಪ್ಪತ್ತೈದರ ಅಜ್ಜಿಯ ಬಿ.ಪಿ. ಅಳೆದರೆ ಯಾವ ಅಂಕಿ ಬರುತ್ತದೆ, ಆ ಅಂಕಿಗೆ ಯಾವ ಬೆಲೆ ಕೊಡಬೇಕು ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಮಳೆಗಾಲದಲ್ಲಿ ಮಣ್ಣು ಕುಸಿದರೆ ಆ ದಾರಿಯೂ ಇಲ್ಲ. ಜೊತೆಗೆ ಒಬ್ಬರು ಹೋಗಬೇಕು. ಅಡಿಕೆ ಗೊನೆ ಕೊಯ್ಯುವ ಕಾಲದಲ್ಲಿ ಒಂದು ಆಳಿನ ದಿನ ಕಳೆದುಕೊಳ್ಳುವುದು ಎಂದರೇನೆಂದು ಅಡಿಕೆ ಬೆಳೆದವರಿಗೆ ಹೇಳಬೇಕಾಗಿಲ್ಲ. ಇಷ್ಟೆಲ್ಲ ಮಾಡಿ ಅಲ್ಲಿ ಆಗುವುದು, ಹಳೆಯ ಚೀಟಿ ನೋಡಿ "ಇದನ್ನೇ ಮುಂದುವರಿಸಿ, ಮೂರು ತಿಂಗಳು ಬಿಟ್ಟು ಬನ್ನಿ" ಎಂಬ ಐದು ನಿಮಿಷದ ಮಾತು. ವಿಡಿಯೊ ಕರೆ ಹೇಳಿ ಮಾಡಿಸಿದಂತಿರುವುದು ಈ ಐದು ನಿಮಿಷಕ್ಕೆ.

ಇದು ಕೊರೊನಾ ತಂದ ಹೊಸತು ಎಂದು ಹಲವರು ಭಾವಿಸುತ್ತಾರೆ. 2002ರ ಸುಮಾರಿಗೇ ಇಸ್ರೊ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತ್ತು. ಅಲ್ಲಿ ರೋಗಿಯ ಪಕ್ಕದಲ್ಲಿ ಇನ್ನೊಬ್ಬ ಡಾಕ್ಟರೋ ನರ್ಸೋ ಇರುತ್ತಿದ್ದರು. 2020ರ ಮಾರ್ಚ್ 25ರಂದು, ಅಂದರೆ ಲಾಕ್‌ಡೌನ್ ಶುರುವಾದ ದಿನವೇ, ಕೇಂದ್ರ ಆರೋಗ್ಯ ಸಚಿವಾಲಯ ಟೆಲಿಮೆಡಿಸಿನ್, ಅಂದರೆ ದೂರದಿಂದಲೇ ರೋಗಿಯನ್ನು ನೋಡುವ ಪದ್ಧತಿಯ ಮಾರ್ಗಸೂಚಿ ಹೊರಡಿಸಿತು. ಏಪ್ರಿಲ್ 13ಕ್ಕೆ, ಮನೆಯಿಂದಲೇ ಡಾಕ್ಟರನ್ನು ಕಾಣಲು ಸರ್ಕಾರದ 'ಇ-ಸಂಜೀವಿನಿ'ಯ ಹೊರರೋಗಿ ಸೇವೆ ಬಂದಿತು. ಆಗ ಪಕ್ಕದಲ್ಲಿದ್ದ ನರ್ಸ್ ಮಾಯವಾಗಿ, ಅವರ ಜಾಗಕ್ಕೆ ಮಗ, ಸೊಸೆ, ಮೊಮ್ಮಗಳು, ನನ್ನಂತಹ ನೆರೆಮನೆಯವರು ಬಂದು ಕುಳಿತೆವು. ನಮಗೆ ತರಬೇತಿ ಕೊಟ್ಟವರು ಯಾರೂ ಇಲ್ಲ.

ಮೊದಲ ತೊಡಕು ಕರೆಯನ್ನು ಎತ್ತುವುದರಲ್ಲಿಯೇ ಇದೆ. ಗುರುತಿಲ್ಲದ ನಂಬರಿನಿಂದ ವಿಡಿಯೊ ಕರೆ ಬಂದರೆ ಎತ್ತಬೇಡಿ ಎಂದು ಹಿರಿಯರಿಗೆ ಹೇಳಿ ಹೇಳಿ ನಾವೇ ಹೆದರಿಸಿಟ್ಟಿದ್ದೇವೆ. ಹೆದರಿಸಿದ್ದು ತಪ್ಪೂ ಅಲ್ಲ. ಪೊಲೀಸ್ ಸಮವಸ್ತ್ರ ಹಾಕಿಕೊಂಡು ವಿಡಿಯೊದಲ್ಲಿ ಕಾಣಿಸಿ, 'ಡಿಜಿಟಲ್ ಅರೆಸ್ಟ್' ಎಂದು ಗದರಿಸಿ, ಮುದುಕರ ಠೇವಣಿಯನ್ನೆಲ್ಲ ಬಾಚಿಕೊಳ್ಳುವ ಕಳ್ಳರ ಸುದ್ದಿ ಪತ್ರಿಕೆಯಲ್ಲಿ ಆಗಾಗ ಬರುತ್ತಲೇ ಇದೆ. ಓಟಿಪಿ ವಿಷಯವೂ ಹೀಗೆಯೇ. ಯಾರಿಗೂ ಹೇಳಬಾರದು ಎಂದು ಬ್ಯಾಂಕಿನವರು ಕಲಿಸಿದ್ದಾರೆ. ಆಸ್ಪತ್ರೆಯ ಆ್ಯಪ್ ತೆರೆದರೆ ಮೊದಲು ಕೇಳುವುದೇ ಅದನ್ನು. "ಹಾಗಾದರೆ ಹೇಳಬೇಕೋ ಬಾರದೋ?" ಎಂದು ಪಕ್ಕದ ಮನೆಯ ದೊಡ್ಡಮ್ಮ ಕೇಳಿದ ಪ್ರಶ್ನೆ ನ್ಯಾಯವಾದದ್ದು. ನಾನು ಅವರಿಗೆ ಹೇಳಿಕೊಟ್ಟಿರುವುದು: ಕರೆ ಮಾಡಿದವರಿಗೆ ಬಾಯಿಂದ ಹೇಳಬಾರದು, ಅವರು ದೇವರಾದರೂ ಸರಿ. ನಾವಾಗಿ ತೆರೆದ ಆ್ಯಪ್‌ನಲ್ಲಿ ನಮ್ಮ ಕೈಯಿಂದ ಒತ್ತಬಹುದು. ಡಾಕ್ಟರು ಅಥವಾ ಆಸ್ಪತ್ರೆ ಕರೆಯುವ ನಂಬರನ್ನು ಹಿಂದಿನ ದಿನವೇ ಕೇಳಿ ಪಡೆದು, 'ಮಂಡಿ ಡಾಕ್ಟರು', 'ಶುಗರ್ ಡಾಕ್ಟರು' ಎಂದು ಕನ್ನಡದಲ್ಲಿ ಉಳಿಸಿಡುತ್ತೇನೆ. ದುಡ್ಡು ಕೇಳಿದರೆ ಕರೆ ಕತ್ತರಿಸಿ ನನ್ನನ್ನು ಕೂಗಿ ಎಂದಿದ್ದೇನೆ. ಹಣ ಹೋಗಿಯೇಬಿಟ್ಟರೆ ದೂರು ಕೊಡುವ 1930 ಸಂಖ್ಯೆಯನ್ನು ಅವರ ಕ್ಯಾಲೆಂಡರಿನ ಮೇಲೆ ದಪ್ಪಕ್ಷರದಲ್ಲಿ ಬರೆದಿಟ್ಟಿದ್ದೇನೆ.

ಇನ್ನು ಬೆರಳು. ವಯಸ್ಸಾದವರಿಗೆ ಮೊಬೈಲ್ ಬರುವುದಿಲ್ಲ ಎಂದು ನಗುವವರು ಒಮ್ಮೆ ಅವರ ಬೆರಳ ತುದಿ ಮುಟ್ಟಿ ನೋಡಬೇಕು. ಸ್ಪರ್ಶಪರದೆ ಕೆಲಸ ಮಾಡುವುದು ಚರ್ಮದ ಮೂಲಕ ಹರಿಯುವ ಅತಿ ಸಣ್ಣ ವಿದ್ಯುತ್ತಿನಿಂದ. ವಯಸ್ಸಿಗೆ ಒಣಗಿದ, ಅಡಿಕೆ ಸುಲಿದು ದಡ್ಡುಗಟ್ಟಿದ ಬೆರಳನ್ನು ಪರದೆ ಎಷ್ಟೋ ಸಲ ಗುರುತಿಸುವುದೇ ಇಲ್ಲ. ಗುರುತಿಸಲಿಲ್ಲ ಎಂದು ಅವರು ಒತ್ತಿ ಹಿಡಿಯುತ್ತಾರೆ. ಒತ್ತಿ ಹಿಡಿದರೆ ಮೊಬೈಲ್ ಬೇರೆಯೇ ಅರ್ಥ ಮಾಡಿಕೊಂಡು ಇನ್ನೇನನ್ನೋ ತೆರೆಯುತ್ತದೆ. ಅಲ್ಲಿಗೆ ಅವರಿಗೆ, ತಾನು ಮುಟ್ಟಿದರೆ ಏನೋ ಕೆಡುತ್ತದೆ ಎಂಬ ಭಯ ಕಾಯಂ ಆಗುತ್ತದೆ. ಬೆರಳ ತುದಿಯನ್ನು ಸ್ವಲ್ಪ ಒದ್ದೆ ಮಾಡಿ ಒರೆಸಿಕೊಂಡರೆ ಎಷ್ಟೋ ವಾಸಿ. ಆಂಡ್ರಾಯ್ಡ್ ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ ಒತ್ತಿ ಹಿಡಿಯುವ ಅವಧಿಯನ್ನು ಉದ್ದ ಮಾಡುವ ಆಯ್ಕೆಯಿದೆ. ಅಕ್ಷರ ದೊಡ್ಡದು ಮಾಡುವುದು ಎಲ್ಲರಿಗೂ ಗೊತ್ತು. ಇದು ಬಹಳ ಜನರಿಗೆ ಗೊತ್ತಿಲ್ಲ.

ಕಿವಿಯ ವಿಷಯದಲ್ಲಿ ನಾವೆಲ್ಲ ಮಾಡುವುದು ಒಂದೇ: ಕಿರುಚುವುದು. ವಯಸ್ಸಿನಿಂದ ಬರುವ ಕಿವುಡು ಮೊದಲು ತಿನ್ನುವುದು ಎತ್ತರದ ಶ್ರುತಿಯ ಸದ್ದುಗಳನ್ನು. ಸ, ಶ, ತ, ಪ, ಕ ಮುಂತಾದ ವ್ಯಂಜನಗಳ ಅಂಚು ಸವೆದುಹೋಗುತ್ತದೆ, ಸ್ವರಾಕ್ಷರಗಳು ಉಳಿಯುತ್ತವೆ. ಹೀಗಾಗಿ ಅವರಿಗೆ ಮಾತು ಕೇಳಿಸುತ್ತದೆ, ತಿಳಿಯುವುದಿಲ್ಲ. ಕಿರುಚಿದರೆ ಉಳಿದ ಸದ್ದೇ ಇನ್ನಷ್ಟು ಜೋರಾಗುತ್ತದೆಯೇ ಹೊರತು ಕಳೆದುಹೋದದ್ದು ಮರಳುವುದಿಲ್ಲ. ನಿಧಾನವಾಗಿ, ಮುಖ ಕಾಣುವಂತೆ, ಒಂದು ಸಲಕ್ಕೆ ಒಂದೇ ವಿಷಯ ಹೇಳಬೇಕು. ಇಯರ್‌ಫೋನ್ ಹಾಕಿದರೆ ಕೋಣೆಯ ಗದ್ದಲ ದೂರವಾಗುತ್ತದೆ, ಆದರೆ ಶ್ರವಣಯಂತ್ರ ಇರುವವರಿಗೆ ಅದು ಹೊಂದುವುದಿಲ್ಲ. ಅವರಿಗೆ ಸ್ಪೀಕರೇ ಸರಿ. ಕರೆಯ ಆರಂಭದಲ್ಲಿ "ಡಾಕ್ಟರೇ, ಇವರಿಗೆ ಕಿವಿ ಮಂದ, ನಿಮ್ಮ ಮುಖ ಕಾಣುವಂತೆ ಮಾತನಾಡಿ" ಎಂದು ನಾನು ಹೇಳಿಬಿಡುತ್ತೇನೆ. ಕೆಲವು ಡಾಕ್ಟರು ಕೂಡಲೇ ಮಾಸ್ಕ್ ಕೆಳಗಿಳಿಸುತ್ತಾರೆ. ಕೆಲವರು ಕಂಪ್ಯೂಟರಿನಲ್ಲಿ ಟೈಪು ಮಾಡುತ್ತ ಗೋಡೆಯ ಕಡೆಗೇ ಮಾತನಾಡುತ್ತಾರೆ. ಯಾವುದಕ್ಕೂ ಕರೆ ಮುಗಿಯುವ ಮುನ್ನ ಒಂದು ಕೆಲಸ ತಪ್ಪಿಸಬಾರದು. ಡಾಕ್ಟರು ಹೇಳಿದ್ದನ್ನು ಹಿರಿಯರ ಬಾಯಿಂದಲೇ ತಿರುಗಿ ಹೇಳಿಸುವುದು. ಅರ್ಧ ಮಾತ್ರೆ ಎಂದದ್ದು ಎರಡು ಮಾತ್ರೆ ಎಂದು ಕೇಳಿಸಿಕೊಂಡವರು ನಮ್ಮೂರಿನಲ್ಲಿಯೇ ಇದ್ದಾರೆ.

ಬೆಳಕಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಿಟಕಿ ಮುಖದ ಮುಂದಿರಲಿ, ಬೆನ್ನ ಹಿಂದೆ ಬೇಡ. ಮೊಬೈಲನ್ನು ಕೈಯಲ್ಲಿ ಹಿಡಿಯುವ ಬದಲು ಅಕ್ಕಿ ಡಬ್ಬಿಗೆ ಒರಗಿಸಿ ಕಣ್ಣಿನ ಎತ್ತರಕ್ಕೆ ಇಡಿ, ಇಲ್ಲವಾದರೆ ಡಾಕ್ಟರಿಗೆ ಕಾಣುವುದು ಗಲ್ಲ ಮತ್ತು ಮನೆಯ ಹಂಚು. ಒಂದು ಸಣ್ಣ ಸಂಗತಿ ಮಾತ್ರ ಹೇಳಿಬಿಡುತ್ತೇನೆ. ಚೀಟಿಯನ್ನು ಕ್ಯಾಮೆರಾಕ್ಕೆ ಹಿಡಿದಾಗ ನಮ್ಮ ಪರದೆಯಲ್ಲಿ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಕಾಣುತ್ತವೆ. ಡಾಕ್ಟರಿಗೆ ಸರಿಯಾಗಿಯೇ ಕಾಣುತ್ತಿರುತ್ತದೆ. ಇದು ಗೊತ್ತಿಲ್ಲದ ಹಿರಿಯರು ಚೀಟಿಯನ್ನು ತಿರುಗಿಸಿ, ಮಗುಚಿ, ಕೊನೆಗೆ ಹಿಂಬದಿಯ ಖಾಲಿ ಹಾಳೆ ತೋರಿಸುತ್ತಾರೆ. ಚೀಟಿ, ರಕ್ತ ಪರೀಕ್ಷೆಯ ವರದಿ ಇವನ್ನೆಲ್ಲ ಹಿಂದಿನ ದಿನವೇ ಪಟ ತೆಗೆದು ಕಳುಹಿಸಿಬಿಟ್ಟರೆ ಈ ನಾಟಕವೇ ಬೇಡ.

ಮಾತ್ರೆಯ ಚೀಲದ ಕಥೆ ಬೇರೆ. ಆಸ್ಪತ್ರೆಗೆ ಹೋದಾಗ ಯಾರೂ ಚೀಲವನ್ನು ಪೂರ್ತಿ ಒಯ್ಯುವುದಿಲ್ಲ, ಚೀಟಿಯನ್ನಷ್ಟೇ ಒಯ್ಯುತ್ತಾರೆ. ಮನೆಯಲ್ಲಿಯೇ ಕುಳಿತು ಮಾತನಾಡುವಾಗ ಚೀಲವನ್ನು ಮಂಚದ ಮೇಲೆ ಬರಿದು ಮಾಡಬಹುದು. ವಿಡಿಯೊ ಭೇಟಿಯ ದೊಡ್ಡ ಲಾಭ ನನಗೆ ಕಂಡದ್ದು ಇಲ್ಲಿ. ಬಿ.ಪಿ.ಗೆ ಕೊಡುವ ಅಮ್ಲೋಡಿಪಿನ್ ಮಾತ್ರೆಯನ್ನೇ ನೋಡಿ. ಶಿವಮೊಗ್ಗದ ಅಂಗಡಿಯಲ್ಲಿ ಅದಕ್ಕೆ ಒಂದು ಕಂಪನಿಯ ಹೆಸರು, ಜನೌಷಧಿ ಅಂಗಡಿಯಲ್ಲಿ ಬರೀ ಅಮ್ಲೋಡಿಪಿನ್. ಎರಡೂ ಒಂದೇ ಮಾತ್ರೆ ಎಂದು ತಿಳಿಯದೆ ಬೆಳಗ್ಗೆ ಅದು, ರಾತ್ರಿ ಇದು ಎಂದು ನುಂಗುವವರಿದ್ದಾರೆ. ಆಮೇಲೆ ತಲೆ ತಿರುಗುತ್ತದೆ, ಕಾಲು ಊದಿಕೊಳ್ಳುತ್ತದೆ. ತಲೆತಿರುಗಿಗೆ ಇನ್ನೊಬ್ಬ ಡಾಕ್ಟರು ಇನ್ನೊಂದು ಮಾತ್ರೆ ಬರೆಯುತ್ತಾರೆ. ಮಂಡಿನೋವಿಗೆ ಅಂಗಡಿಯವನೇ ಕೊಟ್ಟ ನೋವಿನ ಮಾತ್ರೆ, ಸಂತೆಯಲ್ಲಿ ಕೊಂಡ ಹೆಸರಿಲ್ಲದ ಪುಡಿ, ಮೈದುನನ ಮಗಳು ದುಬೈಯಿಂದ ತಂದ ವಿಟಮಿನ್, ಎಲ್ಲವೂ ಆ ಚೀಲದಲ್ಲಿರುತ್ತವೆ. ಕರೆಗೆ ಮುಂಚೆ ನಾನು ಒಂದೊಂದೇ ಹಾಳೆಯನ್ನು ಎತ್ತಿ "ಇದು ಯಾವುದಕ್ಕೆ?" ಎಂದು ಕೇಳಿ ಅವರ ಮಾತಿನಲ್ಲಿಯೇ ಬರೆದುಕೊಳ್ಳುತ್ತೇನೆ. "ಅದು ಗೊತ್ತಿಲ್ಲ, ಆದರೆ ಬಿಟ್ಟರೆ ಆಗುವುದಿಲ್ಲ" ಎಂಬುದೂ ಒಂದು ಉತ್ತರವೇ, ಅದನ್ನೂ ಬರೆಯುತ್ತೇನೆ. ಹಾಗೆಂದು ಯಾವುದನ್ನೂ ನಾನೇ ಎತ್ತಿಡುವುದಿಲ್ಲ. ಅದು ಡಾಕ್ಟರು ಹೇಳಬೇಕಾದ ಮಾತು.

ಬಿ.ಪಿ. ಯಂತ್ರ ಈಗ ಮನೆಮನೆಯಲ್ಲಿದೆ. ಅಂಕಿ ಮಾತ್ರ ಒಬ್ಬೊಬ್ಬರು ನೋಡಿದಾಗ ಒಂದೊಂದು. ಕೊಟ್ಟಿಗೆಯಿಂದ ಬಂದ ಕೂಡಲೇ, ಕಾಫಿ ಕುಡಿದು, ತಂಬಾಕು ಹಾಕಿದ ಎಲೆಯಡಿಕೆ ಜಗಿಯುತ್ತ, ಸೀರೆಯ ಕುಪ್ಪಸದ ತೋಳಿನ ಮೇಲೆ ಪಟ್ಟಿ ಸುತ್ತಿ, ಸೊಸೆಯ ಮೇಲೆ ರೇಗುತ್ತ ನೋಡಿದರೆ ಇನ್ನೇನು ಬರಬೇಕು? ಕಾಫಿ, ತಂಬಾಕು ಮುಗಿದು ಅರ್ಧ ಗಂಟೆಯಾಗಿರಬೇಕು. ಮೂತ್ರಕ್ಕೆ ಹೋಗಿಬಂದು, ಬೆನ್ನಿಗೆ ಆಸರೆಯಿರುವಂತೆ ಕುಳಿತು, ಎರಡೂ ಪಾದ ನೆಲಕ್ಕೂರಿ, ಐದು ನಿಮಿಷ ಸುಮ್ಮನಿರಬೇಕು. ಬರಿತೋಳಿಗೆ ಪಟ್ಟಿ ಸುತ್ತಿ, ಕೈಯನ್ನು ಎದೆಯ ಮಟ್ಟದಲ್ಲಿ ಮೇಜಿನ ಮೇಲಿಟ್ಟು, ಒಂದು ನಿಮಿಷದ ಅಂತರದಲ್ಲಿ ಎರಡು ಸಲ ನೋಡಬೇಕು. ಒಂದು ವಾರ ಹೀಗೆ ಬೆಳಗ್ಗೆ ಸಂಜೆ ಬರೆದಿಟ್ಟ ಪುಸ್ತಕ ಡಾಕ್ಟರ ಕೈಸೇರಿದರೆ, ಘಾಟಿ ಇಳಿದು ಹೋಗಿ ನೋಡಿಸಿದ ಒಂದು ಅಂಕಿಗಿಂತ ಅದು ಹೆಚ್ಚು ನಿಜ. ಬೆರಳಿಗೆ ಸಿಕ್ಕಿಸುವ ಆಮ್ಲಜನಕದ ಯಂತ್ರಕ್ಕೂ ಇಂಥದ್ದೇ ತಕರಾರುಗಳಿವೆ. ಜಡಿಮಳೆಯಲ್ಲಿ ತಣ್ಣಗಾದ ಬೆರಳು, ಮದುವೆಗೆ ಹಚ್ಚಿಕೊಂಡ ಮದರಂಗಿ, ಎರಡೂ ಅದನ್ನು ದಾರಿ ತಪ್ಪಿಸುತ್ತವೆ.

ಒಳ್ಳೆಯ ಡಾಕ್ಟರು ಪರದೆಯಿಂದಲೂ ಸಾಕಷ್ಟು ನೋಡುತ್ತಾರೆ, ನೋಡುವುದನ್ನು ನೋಡುವುದೇ ಒಂದು ಪಾಠ. ಮೊಣಕಾಲಿನ ಕೆಳಗೆ ಎಲುಬಿನ ಮೇಲೆ ಹೆಬ್ಬೆರಳನ್ನು ಒತ್ತಿ ತೆಗೆಯಿರಿ, ಗುಳಿ ಉಳಿಯುತ್ತದೆಯೇ ತೋರಿಸಿ ಎನ್ನುತ್ತಾರೆ; ನೀರು ತುಂಬಿದೆಯೇ ಎಂದು ತಿಳಿಯುವುದು ಹಾಗೆ. ಒಂದು ಉದ್ದ ವಾಕ್ಯವನ್ನು ನಡುವೆ ಉಸಿರೆಳೆಯದೆ ಹೇಳಲು ಆಗುತ್ತದೆಯೇ ಎಂದು ಗಮನಿಸುತ್ತಾರೆ. ಕುರ್ಚಿಯಿಂದ ಎದ್ದು, ಮೂರು ಮೀಟರು ನಡೆದು, ತಿರುಗಿ ಬಂದು ಕೂರಲು ಹೇಳುತ್ತಾರೆ. ಇದಕ್ಕೆ 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಬೀಳುವ ಅಪಾಯವಿದೆ ಎಂಬುದು ವೈದ್ಯರು ಬಳಸುವ ಒಂದು ಅಳತೆ. ಆಗ ಮೊಬೈಲ್ ಹಿಡಿಯುವವರು ಒಬ್ಬರು, ಹಿರಿಯರ ಪಕ್ಕದಲ್ಲಿ ಕೈ ಚಾಚಿಕೊಂಡು ನಡೆಯುವವರು ಇನ್ನೊಬ್ಬರು ಬೇಕು. ನಡೆಯುವಾಗ ದಾರಿಯಲ್ಲಿ ಮಡಚಿದ ಚಾಪೆ, ಎತ್ತರದ ಹೊಸ್ತಿಲು, ಮಬ್ಬು ಬಲ್ಬು ಎಲ್ಲವೂ ಡಾಕ್ಟರಿಗೆ ಕಾಣುತ್ತವೆ. ಆಸ್ಪತ್ರೆಯ ನುಣುಪು ನೆಲದ ಮೇಲೆ ಅವು ಕಾಣುತ್ತಿರಲಿಲ್ಲ.

ಹೊಟ್ಟೆ ಒತ್ತಿ ನೋಡುವುದು, ಎದೆಗೆ ಸ್ಟೆತಸ್ಕೋಪ್ ಇಡುವುದು, ಕೀಲಿನ ಬಿಗಿತ ತಿಳಿಯುವುದು ಪರದೆಯಿಂದ ಆಗುವುದಿಲ್ಲ. ಎದೆನೋವು, ಒಮ್ಮೆಲೇ ಬಾಯಿ ಸೊಟ್ಟಗಾಗುವುದು, ಕೈ ಸೋಲುವುದು, ಮಾತು ತೊದಲುವುದು, ಇವಕ್ಕೆ ವಿಡಿಯೊ ಕರೆ ಹಚ್ಚುತ್ತ ಕೂರಬಾರದು, 108ಕ್ಕೆ ಕರೆಯಬೇಕು. ಆದರೆ ಅಂತಹ ಹೊತ್ತಿನಲ್ಲಿಯೂ ದೂರದ ಕಣ್ಣು ಕೆಲಸಕ್ಕೆ ಬರುವುದುಂಟು. ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಡಿಸಿ, ತೆಗೆದ ಇಸಿಜಿಯನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹೃದಯತಜ್ಞರು ನೋಡಿ ಹೇಳುವ ಪದ್ಧತಿಯನ್ನು ಮಂಗಳೂರಿನ ಡಾ. ಪದ್ಮನಾಭ ಕಾಮತ್ ಬೆಳೆಸಿದರು. ಪುನೀತ್ ರಾಜ್‌ಕುಮಾರ್ ಹೆಸರಿನ ಸರ್ಕಾರದ 'ಹೃದಯ ಜ್ಯೋತಿ' ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ತಜ್ಞರು ನೋಡುತ್ತಾರೆ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಚುಚ್ಚುಮದ್ದನ್ನು ಅಲ್ಲಿಯೇ ಕೊಡುತ್ತಾರೆ. ಇವೆರಡರಲ್ಲಿಯೂ ರೋಗಿಯ ಪಕ್ಕದಲ್ಲಿ ಕೆಲಸ ಬಲ್ಲ ಒಬ್ಬರು ಇರುತ್ತಾರೆ ಎಂಬುದನ್ನು ಮರೆಯಬಾರದು.

ನಿದ್ದೆ ಮಾತ್ರೆಯ ಬಗ್ಗೆ ಮುಂಚೆಯೇ ಹೇಳಿಬಿಡುವುದು ಒಳ್ಳೆಯದು, ಜಗಳ ಹೆಚ್ಚಾಗಿ ಅಲ್ಲಿಯೇ ಆಗುತ್ತದೆ. ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ಔಷಧಿ ನಿಯಮಗಳ 'ಎಕ್ಸ್' ಪಟ್ಟಿಯಲ್ಲಿರುವವು ಮತ್ತು 1985ರ ಮಾದಕ ವಸ್ತು ಕಾಯ್ದೆಯ ಕೆಳಗೆ ಬರುವವು ದೂರದಿಂದ ಬರೆದುಕೊಡುವಂತಿಲ್ಲ. ಹಲವು ಬಗೆಯ ನಿದ್ದೆ ಮಾತ್ರೆಗಳು ಈ ಕಾಯ್ದೆಯಲ್ಲಿ ಸೇರಿವೆ. "ಅಲ್ಲಿಗೆ ಹೋದರೆ ಕೊಡುತ್ತಾರೆ, ಇಲ್ಲಿ ಕೊಡುವುದಿಲ್ಲ, ಇದೆಂತಹ ಡಾಕ್ಟರು" ಎಂದು ಮುನಿಸಿಕೊಂಡವರಿಗೆ ಕಾಯ್ದೆಯನ್ನು ತೋರಿಸಿ ಸಮಾಧಾನ ಮಾಡಲಾಗುವುದಿಲ್ಲ.

ಈಗ ಸರಿದು ನಿಲ್ಲುವ ವಿಷಯಕ್ಕೆ ಬರುತ್ತೇನೆ.

ಅದೇ ಮಾರ್ಗಸೂಚಿಯಲ್ಲಿ ಆರೈಕೆ ಮಾಡುವವರ ಬಗ್ಗೆ ಬೇರೆಯೇ ಒಂದು ಭಾಗವಿದೆ. ರೋಗಿ ಜೊತೆಯಲ್ಲಿದ್ದರೆ ಅದು ರೋಗಿ ಮತ್ತು ಡಾಕ್ಟರ ನಡುವಿನ ಮಾತುಕತೆಯೇ. ರೋಗಿ ಇಲ್ಲದೆ ಇನ್ನೊಬ್ಬರು ಮಾತನಾಡಬೇಕಾದರೆ, ರೋಗಿ ಚಿಕ್ಕ ವಯಸ್ಸಿನವರಾಗಿರಬೇಕು, ಇಲ್ಲವೇ ಮರೆಗುಳಿತನದಂತಹ ಕಾರಣದಿಂದ ತಾವೇ ಹೇಳಲಾರದವರಾಗಿರಬೇಕು. ಉಳಿದಂತೆ ರೋಗಿಯ ಅಧಿಕೃತ ಒಪ್ಪಿಗೆ ಬೇಕು. ಅಂದರೆ ಮಗ ಎಂಬ ಒಂದೇ ಕಾರಣಕ್ಕೆ ಮಗನಿಗೆ ಬಾಯಿ ಸಿಗುವುದಿಲ್ಲ. ನಮ್ಮ ಮನೆಗಳಲ್ಲಿ ಇದನ್ನು ಹೇಳಿದರೆ ನಗುತ್ತಾರೆ. ಮೊಬೈಲ್ ಯಾರದ್ದು, ದುಡ್ಡು ಕಟ್ಟಿದವರು ಯಾರು, ಅವರೇ ಮಾತನಾಡುವವರು.

ದೊಡ್ಡಮ್ಮನ ಕರೆಗಳಲ್ಲಿ ಮೊದಮೊದಲು ಬೆಂಗಳೂರಿನಿಂದ ಮಗ ಸೇರಿಕೊಳ್ಳುತ್ತಿದ್ದ, ಅಮೆರಿಕದಿಂದ ಮಗಳು ಸೇರಿಕೊಳ್ಳುತ್ತಿದ್ದಳು. ಇಲ್ಲಿ ಸಂಜೆಯಾದರೆ ಅವಳಿಗೆ ಬೆಳಗಿನ ಜಾವ. ನಿದ್ದೆಗೆಟ್ಟು ಕುಳಿತವಳಿಗೆ ಕೇಳಲು ನೂರು ಪ್ರಶ್ನೆ. ಅಂತರ್ಜಾಲದಲ್ಲಿ ಓದಿದ್ದನ್ನೆಲ್ಲ ಡಾಕ್ಟರ ಮುಂದೆ ಹರಡುತ್ತಿದ್ದಳು. ಅವಳ ಆತಂಕ ನನಗೆ ಅರ್ಥವಾಗುತ್ತದೆ. ಹತ್ತಿರ ಇರಲಾಗದವರಿಗೆ ಪ್ರಶ್ನೆ ಕೇಳುವುದೇ ಆರೈಕೆ. ಆದರೆ ದೊಡ್ಡಮ್ಮ ಆ ಹದಿನೈದು ನಿಮಿಷದಲ್ಲಿ ಸೆರಗಿನ ತುದಿ ಸುತ್ತುತ್ತ ಕುಳಿತಿರುತ್ತಿದ್ದರು. ಒಂದು ದಿನ ಕರೆಂಟು ಹೋಗಿ, ಟವರಿನ ಸಿಗ್ನಲ್ಲೂ ಕುಗ್ಗಿ, ಮಗನ ಕಡೆಯವರಿಗೂ ಅಮೆರಿಕದ ಕಡೆಗೂ ಜೋಡಿಸಲಾಗಲಿಲ್ಲ. ಡಾಕ್ಟರು ಸಾದಾ ಫೋನಿಗೆ ಕರೆ ಮಾಡಿದರು. ನಿಯಮವೂ ಅದಕ್ಕೆ ಅಡ್ಡಿಯಿಲ್ಲ, ಹಳೆಯ ಕಾಯಿಲೆಯ ಮರುಭೇಟಿ ಧ್ವನಿ ಕರೆಯಲ್ಲಿಯೂ ನಡೆಯುತ್ತದೆ. ನಾನು ಹಿತ್ತಲಿಗೆ ಹೋದೆ. ತಿರುಗಿ ಬಂದಾಗ ದೊಡ್ಡಮ್ಮನ ಮುಖದಲ್ಲಿ ಏನೋ ಹಗುರವಾಗಿತ್ತು. ಆಮೇಲೆ ತಾವಾಗಿಯೇ ಹೇಳಿದರು. ಕೆಮ್ಮಿದರೆ, ಕೊಡ ಎತ್ತಿದರೆ ಮೂತ್ರ ಜಾರುತ್ತಿತ್ತಂತೆ, ಬಹಳ ಕಾಲದಿಂದ. ಅದಕ್ಕೇ ಅವರು ಮದುವೆ ಮನೆಗಳಿಗೆ ಹೋಗುವುದನ್ನು ಬಿಟ್ಟಿದ್ದರು, ನೀರು ಕುಡಿಯುವುದನ್ನು ಕಡಿಮೆ ಮಾಡಿದ್ದರು. ಮಗನೆದುರು ಆ ಮಾತು ಹೇಗೆ ಆಡುವುದು? ಡಾಕ್ಟರು ಒಂದು ವ್ಯಾಯಾಮ ಹೇಳಿಕೊಟ್ಟು, ಬಿ.ಪಿ. ಮಾತ್ರೆಗಳಲ್ಲಿ ಮೂತ್ರ ಹೆಚ್ಚಿಸುವ ಒಂದನ್ನು ಬದಲಿಸಿದ್ದರು.

ಆಗಿನಿಂದ ನಾನು ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಕರೆಯ ಮೊದಲ ಭಾಗ ಹಿರಿಯರದ್ದು, ಒಬ್ಬರೇ. ಜೋಡಿಸಿಕೊಟ್ಟು, "ನಾನು ಅಂಗಳದಲ್ಲಿ ಇರುತ್ತೇನೆ, ಬೇಕಾದರೆ ಕೂಗಿ" ಎಂದು ಬಾಗಿಲು ಎಳೆದುಕೊಂಡು ಹೋಗುತ್ತೇನೆ. ಅಂಕಿ, ಮಾತ್ರೆಯ ಹೆಸರು, ಮುಂದಿನ ದಿನಾಂಕ ಬರುವ ಕೊನೆಯ ಭಾಗಕ್ಕೆ ಅವರು ಕರೆದರೆ ಒಳಗೆ ಬರುತ್ತೇನೆ. ಮಕ್ಕಳಿಗೆ ಕೇಳಬೇಕಾದದ್ದನ್ನು ಮುಂಚೆಯೇ ಬರೆದು ಕಳುಹಿಸಲು ಹೇಳುತ್ತೇನೆ. ಅದನ್ನು ಕೇಳುವುದೋ ಬಿಡುವುದೋ ಅಮ್ಮನಿಗೆ ಬಿಟ್ಟದ್ದು. ಕೆಲವು ಮಕ್ಕಳಿಗೆ ಇದು ಹಿಡಿಸಿಲ್ಲ. "ಅಪ್ಪ ಅರ್ಧ ಮರೆತು ಅರ್ಧ ಸುಳ್ಳು ಹೇಳುತ್ತಾರೆ, ಬೀಡಿ ಬಿಟ್ಟಿದ್ದೇನೆ ಎನ್ನುತ್ತಾರೆ" ಎಂದು ಒಬ್ಬ ಮಗ ನನ್ನ ಮೇಲೆ ಸಿಟ್ಟಾಗಿದ್ದ. ಅವನ ಮಾತು ಸುಳ್ಳಲ್ಲ. ಆದರೆ ಡಾಕ್ಟರ ಕೋಣೆಯಲ್ಲಿ ನಾವೆಲ್ಲ ಸ್ವಲ್ಪ ಸುಳ್ಳು ಹೇಳುವವರೇ, ಅಪ್ಪನಿಗೆ ಮಾತ್ರ ಆ ಹಕ್ಕು ಏಕಿಲ್ಲ? ಮರೆಗುಳಿತನ ಇರುವವರ ಮಾತು ಬೇರೆ. ಅಲ್ಲಿ ಮಗಳೋ ಸೊಸೆಯೋ ಪಕ್ಕದಲ್ಲಿ ಕೂರಲೇಬೇಕು. ಆಗಲೂ ಡಾಕ್ಟರು ಮೊದಲ ಪ್ರಶ್ನೆಯನ್ನು ರೋಗಿಗೇ ಕೇಳಲಿ, ಉತ್ತರ ಏನೇ ಬರಲಿ.

ಆಸ್ಪತ್ರೆಗಳ ಬಗ್ಗೆ ನನ್ನ ದೂರು ಉದ್ದವಾಗಿದೆ, ಕಡಿಮೆ ಮಾಡಿ ಹೇಳುತ್ತೇನೆ. ಹೆಸರು ಬೇಡ. ಆ್ಯಪ್ ಕನ್ನಡದಲ್ಲಿ ತೆರೆಯುತ್ತದೆ. ದುಡ್ಡು ಕಟ್ಟುವ ಪುಟಕ್ಕೆ ಬಂದ ಕೂಡಲೇ ಇಂಗ್ಲಿಷ್. ಹನ್ನೊಂದು ಗಂಟೆಗೆ ಎಂದು ಕೊಟ್ಟ ಸಮಯಕ್ಕೆ ಡಾಕ್ಟರು ಬರುವುದು ಊಟದ ಹೊತ್ತಿಗೆ, ಶುಗರ್ ಇರುವ ಮುದುಕರು ತಿನ್ನದೆ ಕಾಯುತ್ತಾರೆ, ತಿನ್ನಲು ಎದ್ದಾಗಲೇ ಕರೆ ಬರುತ್ತದೆ. ಎರಡು ಸಲ ರಿಂಗ್ ಆಗಿ ಎತ್ತದಿದ್ದರೆ 'ರೋಗಿ ಗೈರುಹಾಜರಿ' ಎಂದು ಬರುತ್ತದೆ. ಮಂಡಿನೋವಿನವರು ಜಗುಲಿಯಿಂದ ಒಳಕೋಣೆಗೆ ನಡೆಯಲು ಎಷ್ಟು ಹೊತ್ತು ಬೇಕೆಂದು ಆ ಆ್ಯಪ್ ಬರೆದ ಹುಡುಗರಿಗೆ ಯಾರಾದರೂ ಹೇಳಬೇಕಿತ್ತು.

ಇದಕ್ಕೆಲ್ಲ ನನಗೆ ಕಂಡ ಒಳ್ಳೆಯ ಉತ್ತರ ನಮ್ಮ ಮನೆಯ ಜಗುಲಿಯಲ್ಲಿಲ್ಲ, ಈಗ 'ಆಯುಷ್ಮಾನ್ ಆರೋಗ್ಯ ಮಂದಿರ' ಎಂದು ಹೆಸರು ಬದಲಾಗಿರುವ ಉಪಕೇಂದ್ರದಲ್ಲಿದೆ. ಇ-ಸಂಜೀವಿನಿಯಲ್ಲಿ ಎರಡು ದಾರಿಗಳಿವೆ. ಮನೆಯಿಂದಲೇ ಡಾಕ್ಟರನ್ನು ಕಾಣುವುದು ಒಂದು. ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿಯ ಪಕ್ಕದಲ್ಲಿ ಕುಳಿತು ದೂರದ ಡಾಕ್ಟರನ್ನು ಕಾಣುವುದು ಇನ್ನೊಂದು. 2023ರ ಫೆಬ್ರುವರಿಯ ಹೊತ್ತಿಗೆ ದೇಶದಲ್ಲಿ 10 ಕೋಟಿ ಸಮಾಲೋಚನೆಗಳು ಮುಗಿದಿದ್ದವು. ಅವುಗಳಲ್ಲಿ ಬಹುಪಾಲು ಈ ಎರಡನೆಯ ದಾರಿಯವು. ಏಕೆಂದು ತಿಳಿಯುವುದು ಕಷ್ಟವಲ್ಲ. ಅಲ್ಲಿ ಬಿ.ಪಿ. ನೋಡುವ ಕೈ ಪಳಗಿದ ಕೈ. ಚೀಟಿಯಲ್ಲಿ ಬರೆದ ಮಾತ್ರೆಗಳಲ್ಲಿ ಕೆಲವು ಅಲ್ಲಿಯೇ ಸಿಗುತ್ತವೆ. ಮುಖ್ಯವಾಗಿ, ಅಲ್ಲಿನ ಆರೋಗ್ಯ ಅಧಿಕಾರಿ ಸೊಸೆಯೂ ಅಲ್ಲ, ಮಗಳೂ ಅಲ್ಲ. ಮನೆಯಲ್ಲಿ ಆಡಲಾಗದ ಮಾತನ್ನು ಅವಳ ಎದುರು ಆಡಬಹುದು. ನೆಟ್‌ವರ್ಕ್ ಇದ್ದ ದಿನ, ಆಕೆಗೆ ಸಮೀಕ್ಷೆ, ಸಭೆ, ವರದಿಗಳ ಕೆಲಸ ಇಲ್ಲದ ದಿನ, ನಾನು ಹಿರಿಯರನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಅಲ್ಲಿಗೇ ಹೋಗುತ್ತೇನೆ. ಅಂತಹ ದಿನಗಳು ಇನ್ನೂ ಹೆಚ್ಚಾಗಬೇಕು. ಇನ್ನು ಮನಸ್ಸು ಕುಗ್ಗಿ ರಾತ್ರಿ ನಿದ್ದೆ ಬಾರದವರಿಗೆ ವಿಡಿಯೊ, ಆ್ಯಪ್ ಯಾವುದೂ ಬೇಡ, ನಿಮ್ಹಾನ್ಸ್ ಮಾರ್ಗದರ್ಶನದ 'ಟೆಲಿ ಮಾನಸ್' ಸಂಖ್ಯೆ 14416ಕ್ಕೆ ಯಾವ ಹೊತ್ತಿನಲ್ಲಿ ಕರೆದರೂ ಮಾತನಾಡುತ್ತಾರೆ. ಅದನ್ನೂ ಕ್ಯಾಲೆಂಡರಿನ ಮೇಲೆ ಬರೆದಿದ್ದೇನೆ.

ಇಷ್ಟೆಲ್ಲ ಇದ್ದರೂ ನಮ್ಮ ಕೇರಿಯ ನಿವೃತ್ತ ಮೇಷ್ಟರು ವಿಡಿಯೊ ಕರೆಗೆ ಕೂರುವುದಿಲ್ಲ. ಅವರಿಗೆ ಮೊಬೈಲ್ ಬರುವುದಿಲ್ಲ ಎಂದಲ್ಲ, ಯಕ್ಷಗಾನದ ತುಣುಕುಗಳನ್ನು ನನಗೇ ಕಳುಹಿಸುತ್ತಿರುತ್ತಾರೆ. ಶಿವಮೊಗ್ಗದ ಬಸ್ಸು ಹತ್ತಿದರೆ ಕಂಡಕ್ಟರು ಹಳೆಯ ವಿದ್ಯಾರ್ಥಿ, ಆಸ್ಪತ್ರೆಯ ಚೀಟಿ ಕೌಂಟರಿನಲ್ಲಿ ಇನ್ನೊಬ್ಬಳು ವಿದ್ಯಾರ್ಥಿನಿ, ಡಾಕ್ಟರನ್ನು ಕಂಡ ಮೇಲೆ ಬಸ್ ನಿಲ್ದಾಣದ ಹತ್ತಿರ ಒಂದು ಮಸಾಲೆದೋಸೆ. "ನಿನ್ನ ಪರದೆಯಲ್ಲಿ ದೋಸೆ ಬರುತ್ತದೆಯೇ?" ಎಂದು ಕೇಳುತ್ತಾರೆ. ಅವರ ಬೆಂಗಳೂರಿನ ಮಗ, ನೀವಾದರೂ ಅಪ್ಪನಿಗೆ ಬುದ್ಧಿ ಹೇಳಿ ಎಂದು ನನಗೆ ಫೋನು ಮಾಡುತ್ತಲೇ ಇರುತ್ತಾನೆ. ಹೇಳುವುದಿಲ್ಲ ಎಂದಿದ್ದೇನೆ. ಅವರು ಹೊರಡುವ ಮುನ್ನ ಬಿ.ಪಿ. ಪುಸ್ತಕ ಚೀಲದಲ್ಲಿದೆಯೇ ಎಂದು ನೋಡುತ್ತೇನೆ, ಬಂದ ಮೇಲೆ ಚೀಟಿಯ ಪಟ ತೆಗೆದು ಮಗನಿಗೆ ಕಳುಹಿಸುತ್ತೇನೆ. ಅಷ್ಟಕ್ಕೆ ಮೇಷ್ಟರ ಒಪ್ಪಿಗೆಯಿದೆ. ದೋಸೆಯ ವಿಷಯ ಮಗನಿಗೆ ತಿಳಿಸುವುದಕ್ಕೆ ಇಲ್ಲ.